ಹೊಗೆಯೇ ಊದುವ ಒಲೆ

ಪುಟ್ಟ ಕಾರಿಗೆ ದೊಡ್ಡ ಬಲ ಬಂದ ಕಥೆ

ಅಡಿಗೆಮನೆಗೆ ಗ್ಯಾಸಿನ ಒಲೆ ಬಂದ ಮೇಲೆ ಊದುಗೊಳವೆ ಅಟ್ಟ ಸೇರಿತು. ಆದರೂ ಸೌದೆಯ ಒಲೆಯ ಮುಂದೆ ಕುಳಿತು, ಸೆರಗಿನಿಂದ ಕಣ್ಣೊರಸಿಕೊಳ್ಳುತ್ತ, ಊದಿ ಊದಿ ಬೆಂಕಿ ಎಬ್ಬಿಸುತ್ತಿದ್ದ ಅಜ್ಜಿಯನ್ನು ಕಂಡವರು ಇನ್ನೂ ಎಷ್ಟೋ ಮನೆಗಳಲ್ಲಿದ್ದಾರೆ. ಒಲೆ ಅದೇ, ಸೌದೆಯೂ ಅದೇ. ಹೆಚ್ಚಾದದ್ದು ಗಾಳಿ ಮಾತ್ರ. ಅಷ್ಟಕ್ಕೇ ಮಂಕು ಹಿಡಿದಿದ್ದ ಕೆಂಡ ಧಗ್ಗನೆ ಉರಿದು, ಅರ್ಧ ಗಂಟೆಯಿಂದ ಕುದಿಯದೆ ಕುಳಿತಿದ್ದ ಎಸರು ಕುದಿಯತೊಡಗುತ್ತಿದ್ದಿತು.

ಈಗ ಒಂದು ವಿಚಿತ್ರವನ್ನು ಕಲ್ಪಿಸಿಕೊಳ್ಳಿ. ಅಜ್ಜಿ ಊದಬೇಕಾಗಿಯೇ ಇಲ್ಲ. ಒಲೆಯಿಂದ ಮೇಲೆದ್ದ ಹೊಗೆಯೇ ಹೋಗುವ ದಾರಿಯಲ್ಲಿ ಒಂದು ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ಇನ್ನೊಂದು ಚಕ್ರವನ್ನು ತಿರುಗಿಸುತ್ತದೆ. ಅದು ಹೊರಗಿನ ಗಾಳಿಯನ್ನು ಸೆಳೆದು ಒಲೆಯ ಬಾಯಿಗೆ ಒತ್ತುತ್ತದೆ. ಬೆಂಕಿ ಹೆಚ್ಚಿದಷ್ಟೂ ಹೊಗೆ ಹೆಚ್ಚು. ಹೊಗೆ ಹೆಚ್ಚಿದಷ್ಟೂ ಗಾಳಿ ಹೆಚ್ಚು. ಗಾಳಿ ಹೆಚ್ಚಿದಷ್ಟೂ ಬೆಂಕಿ ಇನ್ನೂ ಹೆಚ್ಚು. ಹೊಗೆಯೇ ಊದುವ ಒಲೆ! ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಇಂಥ ಒಲೆಯನ್ನು ನಡುಮನೆಯಲ್ಲಿ ಹೊತ್ತಿಸುವ ಧೈರ್ಯ ಯಾರಿಗಿದ್ದೀತು? ಅದು ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಹೇಳುವವರು ಯಾರು?

ಮೋಟಾರು ಕಾರಿನ ಎಂಜಿನಿಗೆ ಜೋಡಿಸುವ ‘ಟರ್ಬೊ’ ಎಂಬ ಯಂತ್ರದ ಕಥೆಯೆಲ್ಲವೂ ಈ ಎರಡು ಪ್ರಶ್ನೆಗಳಲ್ಲಿ ಅಡಗಿದೆ. ಬಲವನ್ನು ಹುಟ್ಟಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ಹುಟ್ಟಿದ ಬಲವನ್ನು ಹದದಲ್ಲಿ ಹಿಡಿಯುವುದೇ ಕಷ್ಟವಾಯಿತು. ಅದನ್ನು ಸಾಧಿಸಿದವರಲ್ಲಿ ಮುಖ್ಯರಾದವರು ದೊಡ್ಡ ದೇಶದ ದೊಡ್ಡ ಕಾರ್ಖಾನೆಯವರಲ್ಲ. ಸ್ವೀಡನ್ ದೇಶದ ಒಂದು ಚಿಕ್ಕ ಕಾರ್ಖಾನೆಯವರು ಎಂಬುದೇ ಇದರ ಸ್ವಾರಸ್ಯ.

ಗಾಳಿಯೂ ಆಹಾರವೇ

ಕಾರಿಗೆ ಪೆಟ್ರೋಲು ಆಹಾರ ಎಂದು ಎಲ್ಲರೂ ಬಲ್ಲರು. ಗಾಳಿಯೂ ಆಹಾರವೆಂಬುದನ್ನು ಮರೆಯುತ್ತೇವೆ. ಗಾಳಿಗೆ ಯಾರೂ ಬಿಲ್ಲು ಕಳುಹಿಸುವುದಿಲ್ಲವಷ್ಟೆ! ಒಂದು ಗ್ರಾಂ ಪೆಟ್ರೋಲು ಚೆನ್ನಾಗಿ ಉರಿಯಬೇಕಾದರೆ ಹದಿನಾಲ್ಕು ಗ್ರಾಮಿಗೂ ಹೆಚ್ಚಿನ ಗಾಳಿ ಬೇಕು. ಸಾಮಾನ್ಯ ಎಂಜಿನು ಈ ಗಾಳಿಯನ್ನು ತಾನೇ ಉಸಿರೆಳೆದುಕೊಳ್ಳುತ್ತದೆ. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ತೆರವಾದ ಸ್ಥಳಕ್ಕೆ ಹೊರಗಿನ ಗಾಳಿ ನುಗ್ಗುತ್ತದೆ. ಎರಡು ಲೀಟರು ಗಾತ್ರದ ಎಂಜಿನಿಗೆ ಒಂದಾವರ್ತಿಗೆ ಎರಡು ಲೀಟರಿನಷ್ಟೇ ಗಾಳಿ. ಅದಕ್ಕೆ ತಕ್ಕಷ್ಟೇ ಪೆಟ್ರೋಲು, ಅಷ್ಟೇ ಬಲ.

ಹೆಚ್ಚು ಬಲ ಬೇಕೆಂದರೆ ಹಳೆಯ ಉಪಾಯ ಒಂದೇ: ಎಂಜಿನನ್ನು ದೊಡ್ಡದು ಮಾಡುವುದು. ನಾಲ್ಕು ಸಿಲಿಂಡರಿನ ಬದಲು ಆರು, ಆರರ ಬದಲು ಎಂಟು. ಅಮೆರಿಕದವರು ಬಹುಕಾಲ ಇದನ್ನೇ ಮಾಡಿದರು. ಆದರೆ ದೊಡ್ಡ ಎಂಜಿನು ನಿಂತಾಗಲೂ ಉಣ್ಣುತ್ತದೆ, ಮೆಲ್ಲನೆ ಹೋಗುವಾಗಲೂ ಉಣ್ಣುತ್ತದೆ. ವರ್ಷಕ್ಕೊಮ್ಮೆ ಮದುವೆಯ ಅಡಿಗೆ ಮಾಡಬೇಕಾಗುತ್ತದೆಂದು ದಿನವೂ ಕೊಪ್ಪರಿಗೆಯಲ್ಲಿ ಅನ್ನ ಮಾಡಿದಂತೆ.

ಎರಡನೆಯ ಉಪಾಯ, ಅದೇ ಸಣ್ಣ ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬುವುದು. ಹಾಗೆ ಒತ್ತುವುದಕ್ಕೂ ಬಲ ಬೇಕಲ್ಲ, ಅದು ಎಲ್ಲಿಂದ ಬರಬೇಕು? ಇಲ್ಲಿ ಒಂದು ಲೆಕ್ಕವನ್ನು ನೋಡಿ. ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯಲ್ಲಿ ಹೆಚ್ಚು ಕಡಮೆ ಮೂರನೆಯ ಒಂದು ಪಾಲು ಮಾತ್ರ ಕಾರನ್ನು ಎಳೆಯುತ್ತದೆ. ಇನ್ನೊಂದು ಪಾಲು ರೇಡಿಯೇಟರಿನ ನೀರನ್ನು ಕಾಯಿಸುತ್ತದೆ. ಮತ್ತೊಂದು ಪಾಲು ಸೈಲೆನ್ಸರಿನ ಮೂಲಕ ಬಿಸಿಹೊಗೆಯಾಗಿ ಬೀದಿಗೆ ಹೋಗುತ್ತದೆ. ಹೀಗೆ ಬೀದಿಪಾಲಾಗುವ ಶಕ್ತಿಯನ್ನೇ ಹಿಡಿದು ಗಾಳಿ ಒತ್ತುವ ಕೆಲಸಕ್ಕೆ ಹಚ್ಚಿದರೆ? ಇದೇ ಟರ್ಬೊ. ಒಂದು ಚಿಕ್ಕ ದಂಡದ ಎರಡು ತುದಿಗಳಲ್ಲಿ ಎರಡು ಚಕ್ರಗಳು. ಒಂದರ ಮೇಲೆ ಹೊಗೆ ಬಡಿಯುತ್ತದೆ. ಇನ್ನೊಂದು ಗಾಳಿಯನ್ನು ಒತ್ತುತ್ತದೆ. ಅಂಗೈಯಲ್ಲಿ ಹಿಡಿಯಬಹುದಾದ ಈ ಚಕ್ರಗಳು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ.

ಹಡಗಿನಿಂದ ಬೆಟ್ಟದ ತುದಿಗೆ

ಈ ಯೋಚನೆ ಮೊದಲು ಹೊಳೆದದ್ದು ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರಿಗೆ. 1905ರಲ್ಲಿಯೇ ಆತ ಅದಕ್ಕೆ ಹಕ್ಕುಪತ್ರ ಪಡೆದನು. ಆದರೆ ಕಾಗದದ ಮೇಲೆ ಬರೆದ ಚಕ್ರ ಕಬ್ಬಿಣದಲ್ಲಿ ತಿರುಗಲು ಇಪ್ಪತ್ತು ವರ್ಷ ಹಿಡಿಯಿತು. ಕೆಂಪಗೆ ಕಾಯುವ ಹೊಗೆಯ ನಡುವೆ ಅಷ್ಟು ವೇಗವಾಗಿ ತಿರುಗಿಯೂ ಸಿಡಿಯದ ಲೋಹ ಆಗ ಇರಲಿಲ್ಲ. ಕಡೆಗೆ 1920ರ ದಶಕದ ನಡುವಿನಲ್ಲಿ ಜರ್ಮನಿಯ ಹಡಗುಗಳ ಡೀಸೆಲ್ ಎಂಜಿನುಗಳಲ್ಲಿ ಅವನ ಯಂತ್ರ ಯಶಸ್ವಿಯಾಯಿತು.

ಈ ನಡುವೆ, 1918ರಲ್ಲಿ, ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬುವನು ಒಂದು ವಿಮಾನದ ಎಂಜಿನನ್ನು ಲಾರಿಯ ಮೇಲೆ ಕಟ್ಟಿಸಿ, ಕೊಲರಾಡೊ ರಾಜ್ಯದ ಪೈಕ್ಸ್ ಪೀಕ್ ಎಂಬ 14,000 ಅಡಿಗೂ ಮೀರಿದ ಬೆಟ್ಟದ ತುದಿಗೆ ಸಾಗಿಸಿದನು. ಆ ಎತ್ತರದಲ್ಲಿ ಗಾಳಿ ತೆಳು. ಮನುಷ್ಯನಂತೆ ಎಂಜಿನೂ ಏದುಸಿರು ಬಿಡುತ್ತದೆ. ಟರ್ಬೊ ಜೋಡಿಸಿದೊಡನೆ, ಕಡಲ ಮಟ್ಟದಲ್ಲಿ ಎಷ್ಟು ಬಲ ಕೊಡುತ್ತಿದ್ದಿತೋ ಅಷ್ಟನ್ನೂ ಅದು ಬೆಟ್ಟದ ತುದಿಯಲ್ಲಿಯೂ ಕೊಟ್ಟಿತು. ಮುಂದೆ ಎರಡನೆಯ ಮಹಾಯುದ್ಧದಲ್ಲಿ ಆಕಾಶದ ಮೇಲ್ಮಟ್ಟದಲ್ಲಿ ಹಾರಿದ ಅಮೆರಿಕದ ಬಾಂಬರುಗಳಿಗೆ ಈ ಯಂತ್ರವೇ ಉಸಿರಾಯಿತು.

ಹಡಗಿನ ಎಂಜಿನು ದಿನಗಟ್ಟಲೆ ಒಂದೇ ವೇಗದಲ್ಲಿ ಓಡುತ್ತದೆ. ವಿಮಾನದ್ದೂ ಬಹುಮಟ್ಟಿಗೆ ಹಾಗೆಯೇ. ಕಾರಿನ ಪಾಡು ಹಾಗಲ್ಲ. ಹಾಲಿನವನ ಸೈಕಲಿಗೆ ನಿಲ್ಲಬೇಕು, ಲಾರಿಯನ್ನು ಹಿಂದೆ ಹಾಕಬೇಕು, ಮತ್ತೆ ನಿಲ್ಲಬೇಕು. ಟರ್ಬೊ ಕಾರಿಗೆ ಇಳಿದಾಗ ತೊಡಕುಗಳು ಆರಂಭವಾದವು.

ಎರಡು ಎಡವಟ್ಟುಗಳು

1962ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ ಒಮ್ಮೆಗೇ ಎರಡು ಟರ್ಬೊ ಕಾರುಗಳನ್ನು ಮಾರುಕಟ್ಟೆಗೆ ತಂದಿತು. ಒಂದು ಷೆವರ್ಲೆ ಕೋರ್ವೇರ್, ಇನ್ನೊಂದು ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್. ಎರಡನೆಯದರ ಕಥೆ ಬೋಧಪ್ರದವಾಗಿದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲಿಗೆ ಪಂಪು ಹೊಡೆದವರು ಪಂಪಿನ ಬುಡ ಮುಟ್ಟಿ ನೋಡಿರಬಹುದು. ಆ ಬಿಸಿಗಾಳಿಯನ್ನು ಸಿಲಿಂಡರಿನಲ್ಲಿ ಪಿಸ್ಟನ್ ಮತ್ತೂ ಒತ್ತಿದಾಗ, ಪ್ಲಗ್ಗಿನ ಕಿಡಿ ಹಾಕಿದ ಜ್ವಾಲೆ ತಲಪುವ ಮೊದಲೇ ಮೂಲೆಯಲ್ಲಿದ್ದ ಪೆಟ್ರೋಲು ತನ್ನಷ್ಟಕ್ಕೆ ತಾನೇ ಸಿಡಿಯುತ್ತದೆ. ಸುತ್ತಿಗೆಯಿಂದ ಒಳಗೆ ಬಡಿದಂತೆ ಸದ್ದಾಗುತ್ತದೆ. ನಮ್ಮ ಮೆಕ್ಯಾನಿಕ್ಕುಗಳು ಇದನ್ನೇ ‘ನಾಕಿಂಗ್’ ಎನ್ನುವುದು. ಈ ಬಡಿತ ಹೆಚ್ಚಾದರೆ ಪಿಸ್ಟನ್ನಿನ ತಲೆ ಒಡೆಯುತ್ತದೆ, ಇಲ್ಲವೆ ಕರಗುತ್ತದೆ.

ಇದನ್ನು ತಪ್ಪಿಸಲು ಜೆಟ್‌ಫೈರ್ ಕಾರಿನಲ್ಲಿ ನೀರು ಮತ್ತು ಮೆಥನಾಲ್ ಬೆರೆಸಿದ ಒಂದು ದ್ರವವನ್ನು ಗಾಳಿಯೊಡನೆ ಸಿಂಪಡಿಸಿ ತಂಪು ಮಾಡುತ್ತಿದ್ದರು. ಉಪಾಯವೇನೋ ಒಳ್ಳೆಯದೇ. ಆದರೆ ಆ ದ್ರವದ ತೊಟ್ಟಿಯನ್ನು ಆಗಾಗ ತುಂಬಬೇಕಾದವನು ಕಾರಿನ ಯಜಮಾನ. ಅವನು ಮರೆತನು. ತೊಟ್ಟಿ ಬರಿದಾದಾಗ ಯಂತ್ರ ತಾನಾಗಿ ಬಲವನ್ನು ತಗ್ಗಿಸಿಕೊಳ್ಳುತ್ತಿದ್ದಿತು. ಯಜಮಾನ ಕಾರು ಕೆಟ್ಟಿತೆಂದು ದೂರಿದನು. ಕಡೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಕಳಚಿ ಸಾಮಾನ್ಯ ಕಾರ್ಬ್ಯುರೇಟರನ್ನು ಕೂರಿಸಲಾಯಿತು. ಎರಡೇ ವರ್ಷದಲ್ಲಿ ಜೆಟ್‌ಫೈರ್ ಕಣ್ಮರೆಯಾಯಿತು.

1973ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪೆನಿ ತನ್ನ ಪುಟ್ಟ 2002 ಕಾರಿಗೆ ಟರ್ಬೊ ಜೋಡಿಸಿ 170 ಅಶ್ವಶಕ್ತಿ ಪಡೆಯಿತು. ಮುಂದಿನ ಕಾರಿನವನು ತನ್ನ ಕನ್ನಡಿಯಲ್ಲಿ ಓದಿ ದಾರಿ ಬಿಡಲೆಂದು ಮೂತಿಯ ಮೇಲೆ ‘ಟರ್ಬೊ’ ಎಂದು ತಿರುಗುಮುರುಗಾಗಿ ಬರೆಯಿಸಿದರು! ಜನ ಮೂಗು ಮುರಿದರು. ಓಡಿಸಿದವರಿಗೆ ಬೇರೊಂದು ಕಷ್ಟ. ಕಾಲೊತ್ತಿದರೆ ಮೊದಲು ಏನೂ ಇಲ್ಲ. ದೊಡ್ಡ ಚಕ್ರ ವೇಗ ಹಿಡಿಯುವವರೆಗೆ ಕಾಯಬೇಕು. ಆಮೇಲೆ ಬಲವೆಲ್ಲ ಒಮ್ಮೆಗೇ ಮೈಮೇಲೆ ಬಿದ್ದಂತೆ ಬರುವುದು. ತಿರುವಿನಲ್ಲಿ ಹಾಗಾದರೆ ಕಾರು ಅಡ್ಡ ತಿರುಗುವುದು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದವು. ಕೆಲವೇ ತಿಂಗಳುಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. 1,672 ಕಾರುಗಳಿಗೆ ಆ ಟರ್ಬೊ ಮುಗಿಯಿತು.

ಚಿಕ್ಕ ಕಾರ್ಖಾನೆಯ ದೊಡ್ಡ ಚಿಂತೆ

ಇದೇ ಕಾಲದಲ್ಲಿ ಸ್ವೀಡನ್ನಿನ ಟ್ರೋಲ್‌ಹೆಟ್ಟಾನ್ ಊರಿನಲ್ಲಿ ‘ಸಾಬ್’ ಕಾರ್ಖಾನೆಯವರು ಚಿಂತೆಯಲ್ಲಿದ್ದರು. 1937ರಲ್ಲಿ ವಿಮಾನ ಕಟ್ಟಲು ಹುಟ್ಟಿದ ಕಂಪೆನಿ ಅದು. ಯುದ್ಧ ಮುಗಿದ ಮೇಲೆ ವಿಮಾನಗಳಿಗೆ ಬೇಡಿಕೆ ಇಳಿದೀತೆಂದು ಕಾರಿನ ಕಡೆ ತಿರುಗಿ, 1949ರ ಕೊನೆಯಲ್ಲಿ ತನ್ನ ಮೊದಲ ಕಾರುಗಳನ್ನು ಮಾರತೊಡಗಿತು. 1967ರಲ್ಲಿ ‘99’ ಎಂಬ ಹೊಸ ಕಾರನ್ನು ತೋರಿಸಿತು. ಗಟ್ಟಿ ಕಾರು, ಸುರಕ್ಷಿತವಾದ ಕಾರು, ಹಿಮದಲ್ಲಿ ಜಾರದ ಕಾರು. ಎಂಜಿನು ಮಾತ್ರ ನಾಲ್ಕು ಸಿಲಿಂಡರಿನದು. ಮೊದಲಿಗೆ ಇಂಗ್ಲೆಂಡಿನ ಟ್ರಯಂಫ್ ಕಂಪೆನಿಯಿಂದ ತರಿಸಿ, ಮುಂದೆ ಅದರ ಆಧಾರದ ಮೇಲೆ ತಾವೇ ತಯಾರಿಸಿಕೊಂಡದ್ದು.

ಕಾರು ಬೆಳೆಯಿತು, ತೂಕ ಹೆಚ್ಚಿತು, ಸ್ಪರ್ಧೆಯೂ ಹೆಚ್ಚಿತು. ಜರ್ಮನಿಯವರು ಆರು ಸಿಲಿಂಡರಿನ ಎಂಜಿನುಗಳನ್ನು ತರುತ್ತಿದ್ದರು. ಹೊಸದೊಂದು ದೊಡ್ಡ ಎಂಜಿನನ್ನು ಮೊದಲಿನಿಂದ ರೂಪಿಸುವಷ್ಟು ಹಣ ಸಾಬ್ ಕಂಪೆನಿಯಲ್ಲಿ ಇರಲಿಲ್ಲ. ಟ್ರಯಂಫ್‌ನ ಎಂಟು ಸಿಲಿಂಡರಿನ ಎಂಜಿನನ್ನು ಪ್ರಯೋಗಕ್ಕೆಂದು ಕೆಲವು ಕಾರುಗಳಲ್ಲಿ ಕೂರಿಸಿಯೂ ನೋಡಿದರು. ಆ ಯೋಚನೆಯನ್ನು ಕೈಬಿಟ್ಟರು. ತೈಲದ ಬೆಲೆ ಏರಿದ ಕಾಲದಲ್ಲಿ ಹೊಟ್ಟೆಬಾಕ ಎಂಜಿನನ್ನು ಕೊಳ್ಳುವವರಾರು? ಇದ್ದ ಎಂಜಿನಿನಿಂದಲೇ ಹೆಚ್ಚು ಬಲ ತೆಗೆಯಬೇಕು, ಇಲ್ಲವೇ ಕಾರುಗಳ ವ್ಯಾಪಾರವನ್ನೇ ಮುಚ್ಚಬೇಕು ಎಂಬ ಹಂತಕ್ಕೆ ಮಾತು ಬಂದಿತು.

ಇಲ್ಲಿ ಒಂದು ಸಂಬಂಧ ಉಪಕಾರಕ್ಕೆ ಬಂದಿತು. 1969ರಲ್ಲಿ ಸಾಬ್ ಕಂಪೆನಿ ಲಾರಿ ತಯಾರಿಸುವ ಸ್ಕಾನಿಯಾದೊಡನೆ ಕೂಡಿಕೊಂಡಿದ್ದಿತು. ಸ್ಕಾನಿಯಾ ಎಂಬ ಹೆಸರು ನಮಗೂ ಅಪರಿಚಿತವಲ್ಲ, ಕೆ.ಎಸ್.ಆರ್.ಟಿ.ಸಿ.ಯ ದೂರಪ್ರಯಾಣದ ಬಸ್ಸುಗಳ ಮೇಲೆ ಅನೇಕರು ಅದನ್ನು ಓದಿದ್ದಾರೆ. ಲಾರಿಯ ಡೀಸೆಲ್ ಎಂಜಿನುಗಳಿಗೆ ಟರ್ಬೊ ಜೋಡಿಸುವುದು ಆ ಮನೆಯವರಿಗೆ ನಿತ್ಯದ ಕೆಲಸ. ಲಾರಿಗೆ ಒಗ್ಗಿದ್ದು ಮನೆಮಂದಿ ಓಡಿಸುವ ಪೆಟ್ರೋಲು ಕಾರಿಗೆ ಒಗ್ಗೀತೇ? ಪೆರ್ ಗಿಲ್ಬ್ರಾಂಡ್ ಎಂಬ ಎಂಜಿನಿಯರ್ ಮತ್ತು ಆತನ ಸಂಗಡಿಗರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಮುಂದೆ ಈತನಿಗೆ ಸ್ವೀಡನ್ನಿನಲ್ಲಿ ‘ಟರ್ಬೊ ಪೆಲ್ಲೆ’ ಎಂಬ ಅಡ್ಡಹೆಸರೇ ಬಿದ್ದಿತು.

ಕೆರೆಗೆ ಕೋಡಿ

ಇವರ ಆಲೋಚನೆ ಉಳಿದವರಿಗಿಂತ ಬೇರೆಯಾಗಿದ್ದಿತು. ರೇಸಿನ ಕಾರು ಕಟ್ಟುವವನು ಗರಿಷ್ಠ ವೇಗದಲ್ಲಿ ಎಷ್ಟು ಬಲ ಬಂದೀತೆಂದು ನೋಡುತ್ತಾನೆ. ಅದಕ್ಕಾಗಿ ದೊಡ್ಡ ಟರ್ಬೊ ಹಾಕುತ್ತಾನೆ. ಗಿಲ್ಬ್ರಾಂಡ್ ಕೇಳಿದ ಪ್ರಶ್ನೆ ಸಂಸಾರಸ್ಥನದು: ಊರಿನ ಹೊರಗೆ ಲಾರಿಯೊಂದನ್ನು ಹಿಂದೆ ಹಾಕಬೇಕಾದ ಆ ಕೆಲವು ಸೆಕೆಂಡುಗಳಲ್ಲಿ, ಎಂಜಿನು ಮಧ್ಯಮ ವೇಗದಲ್ಲಿ ತಿರುಗುತ್ತಿರುವಾಗ, ಬಲ ಬರುವಂತೆ ಮಾಡಬಹುದೇ? ಬಂದರೆ ಅಪಾಯದ ಗಳಿಗೆ ಮೊಟಕಾಗುತ್ತದೆ.

ಅದಕ್ಕೆ ಚಿಕ್ಕ ಚಕ್ರ ಬೇಕು. ಚಿಕ್ಕ ಚಕ್ರ ಹಗುರ; ಸ್ವಲ್ಪ ಹೊಗೆಗೇ ವೇಗ ಹಿಡಿಯುತ್ತದೆ. ಆದರೆ ಎಂಜಿನು ವೇಗವಾಗಿ ತಿರುಗತೊಡಗಿದಾಗ ಹೊಗೆ ವಿಪರೀತವಾಗಿ, ಅದೇ ಚಕ್ರ ಮಿತಿ ಮೀರಿ ಗಾಳಿಯನ್ನು ತುರುಕಿ ಎಂಜಿನನ್ನು ಒಡೆಯುತ್ತದೆ. ಆರಂಭದಲ್ಲಿ ಕೇಳಿದ ಪ್ರಶ್ನೆ ಇಲ್ಲಿ ಎದುರಾಯಿತು: ಹೊಗೆಯೇ ಊದುವ ಒಲೆಗೆ ‘ಸಾಕು’ ಎನ್ನುವವರು ಯಾರು?

ನಮ್ಮ ಹಳ್ಳಿಯ ಹಿರಿಯರು ಕೆರೆ ಕಟ್ಟಿದಾಗ ಏರಿಯ ಒಂದು ಪಕ್ಕಕ್ಕೆ ಕೋಡಿಯನ್ನೂ ಕಟ್ಟುತ್ತಿದ್ದರು. ನೀರು ಒಂದು ಮಟ್ಟಕ್ಕೆ ಬಂದರೆ ಹೆಚ್ಚಾದದ್ದು ಕೋಡಿಯಲ್ಲಿ ಹರಿದುಹೋಗುತ್ತದೆ, ಏರಿ ಉಳಿಯುತ್ತದೆ. ಟರ್ಬೊವಿಗೂ ಅಂಥದೊಂದು ಕೋಡಿಯುಂಟು. ಅದಕ್ಕೆ ‘ವೇಸ್ಟ್‌ಗೇಟ್’ ಎಂದು ಹೆಸರು. ಹೊಗೆಯ ದಾರಿಯಲ್ಲಿ ಚಕ್ರಕ್ಕಿಂತ ಮೊದಲೇ ಒಂದು ಪಕ್ಕದ ಬಾಗಿಲು. ಅದನ್ನು ಒಂದು ಸ್ಪ್ರಿಂಗು ಮುಚ್ಚಿ ಹಿಡಿದಿರುತ್ತದೆ. ಗಾಳಿಯ ಒತ್ತಡ ಗೊತ್ತಾದ ಮಟ್ಟಕ್ಕೆ ಬಂದೊಡನೆ ಸ್ಪ್ರಿಂಗು ಸೋತು ಬಾಗಿಲು ತೆರೆಯುತ್ತದೆ. ಹೆಚ್ಚಿನ ಹೊಗೆ ಚಕ್ರವನ್ನು ಮುಟ್ಟದೆ ಪಕ್ಕದಿಂದ ಹೋಗಿಬಿಡುತ್ತದೆ. ಈ ಬಾಗಿಲು ಸಾಬ್ ಕಂಪೆನಿಯವರು ಕಂಡುಹಿಡಿದದ್ದಲ್ಲ. ಚಿಕ್ಕ ಚಕ್ರವನ್ನೂ ಈ ಕೋಡಿಯನ್ನೂ ಕೂಡಿಸಿ, ದಿನಬಳಕೆಯ ಕಾರಿಗೆ ಹದ ಮಾಡಿದ್ದು ಅವರ ಜಾಣ್ಮೆ. ಒತ್ತಡದ ಮಿತಿಯನ್ನು ಸುಮಾರು 0.7 ಬಾರ್, ಅಂದರೆ ವಾತಾವರಣದ ಒತ್ತಡದ ಮೇಲೆ ಇನ್ನೂ ಮುಕ್ಕಾಲು ಪಾಲಿಗೆ ತುಸು ಕಡಮೆ ಎಂದು ಇಟ್ಟರು.

ಎಂಜಿನಿನ ಸಿದ್ಧತೆ

ಟರ್ಬೊವನ್ನು ತಂದು ಎಂಜಿನಿಗೆ ತಿರುಚಿದರೆ ಕೆಲಸ ಮುಗಿಯಿತೆಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಮನೆಗೆ ಹೆಚ್ಚು ನೆಂಟರು ಬರುತ್ತಾರೆಂದರೆ ಅಕ್ಕಿಯೊಂದನ್ನೇ ಹೆಚ್ಚು ತಂದರಾಯಿತೇ? ಪಾತ್ರೆ, ನೀರು, ಹಾಸಿಗೆ ಎಲ್ಲವನ್ನೂ ನೋಡಬೇಕು.

ಮೊದಲನೆಯದಾಗಿ ಸಿಲಿಂಡರಿನೊಳಗಿನ ಒತ್ತುವಿಕೆಯನ್ನು ಕಡಮೆ ಮಾಡಿದರು. ಸಾಮಾನ್ಯ 99 ಎಂಜಿನಿನಲ್ಲಿ ಪಿಸ್ಟನ್ ಒಳಬಂದ ಗಾಳಿಯನ್ನು ಒಂಬತ್ತನೆಯ ಒಂದಂಶದ ಆಸುಪಾಸಿಗೆ ಒತ್ತುತ್ತಿದ್ದಿತು. ಟರ್ಬೊ ಮೊದಲೇ ಒತ್ತಿ ಕಳುಹಿಸುವುದರಿಂದ ಹೊಸ ಪಿಸ್ಟನ್‌ಗಳಲ್ಲಿ ಅದನ್ನು 7.2ಕ್ಕೆ ಇಳಿಸಿದರು. ಬಡಿತದ ಭಯ ತಗ್ಗಿತು. ಹೊಗೆ ಹೊರಡುವ ಕವಾಟಗಳನ್ನು ಹೆಚ್ಚು ಉಷ್ಣ ತಾಳುವಂತೆ ಮಾಡಿದರು. ಎಷ್ಟು ಗಾಳಿ ಬಂದರೆ ಅಷ್ಟಕ್ಕೆ ಸರಿಯಾಗಿ ಪೆಟ್ರೋಲು ಅಳೆದು ಕೊಡಲು ಬಾಷ್ ಕಂಪೆನಿಯ ಇಂಜೆಕ್ಷನ್ ವ್ಯವಸ್ಥೆಯನ್ನು ಬಳಸಿದರು.

ಎರಡನೆಯದು ಎಣ್ಣೆ. ಲಕ್ಷ ಸುತ್ತು ತಿರುಗುವ ದಂಡವನ್ನು ಹಿಡಿದಿಡುವುದು ತೆಳುವಾದ ಎಣ್ಣೆಯ ಪೊರೆ. ಆ ಎಣ್ಣೆಯನ್ನು ಎಂಜಿನಿನಿಂದಲೇ ಒಂದು ನಳಿಕೆಯಲ್ಲಿ ಕೊಟ್ಟು, ಕೆಲಸ ಮುಗಿಸಿದ ಎಣ್ಣೆ ತಾನಾಗಿ ಕೆಳಗಿನ ತೊಟ್ಟಿಗೆ ಇಳಿಯುವಂತೆ ಇನ್ನೊಂದು ದಪ್ಪ ನಳಿಕೆಯನ್ನು ಇಡಬೇಕು. ಇಳಿಯುವ ದಾರಿ ಕಟ್ಟಿಕೊಂಡರೆ ಎಣ್ಣೆ ಚಕ್ರಗಳ ಕಡೆಗೆ ಸೋರಿ ಕಾರು ನೀಲಿ ಹೊಗೆ ಉಗುಳುತ್ತದೆ.

ಮೂರನೆಯದು ಸ್ಥಳ. 99 ಕಾರಿನಲ್ಲಿ ಎಂಜಿನು ನಲವತ್ತೈದು ಡಿಗ್ರಿ ಓರೆಯಾಗಿ ಮಲಗಿದೆ; ಗೇರುಪೆಟ್ಟಿಗೆ ಅದರ ಅಡಿಯಲ್ಲಿಯೇ ಇದೆ. ಅಂಥ ಇಕ್ಕಟ್ಟಿನಲ್ಲಿ ಕೆಂಪಗೆ ಕಾಯುವ ಯಂತ್ರವೊಂದನ್ನು ಕೂರಿಸಿ, ಪಕ್ಕದ ರಬ್ಬರು ಕೊಳವೆ, ತಂತಿಗಳು ಬೇಯದಂತೆ ನೋಡಿಕೊಳ್ಳಬೇಕು. ಇಷ್ಟೆಲ್ಲ ಆದ ಮೇಲೂ ಅವಸರಪಡದೆ, ಸುಮಾರು ನೂರು ಕಾರುಗಳನ್ನು ಕಟ್ಟಿ ನಾನಾ ಕಡೆಗಳಲ್ಲಿ ಓಡಿಸಿ ಪರೀಕ್ಷಿಸಿದರು. ಜೆಟ್‌ಫೈರಿನ ಯಜಮಾನನ ಪಾಠವನ್ನು ಅವರು ಮರೆತಿರಲಿಲ್ಲ. ಓಡಿಸುವವನು ಮರೆಗುಳಿಯಾದರೂ ಕಾರು ಉಳಿಯಬೇಕು.

1977ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಸಾಬ್ 99 ಟರ್ಬೊ ಜನರೆದುರು ನಿಂತಿತು. ಅದೇ ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಎಂಜಿನು. ಟರ್ಬೊ ಇಲ್ಲದೆ ಅತಿ ಹೆಚ್ಚೆಂದರೆ 118 ಅಶ್ವಶಕ್ತಿ ಕೊಡುತ್ತಿದ್ದುದು ಈಗ 145 ಕೊಟ್ಟಿತು. ಅದಕ್ಕಿಂತ ಮುಖ್ಯವಾದದ್ದು, ನಿಮಿಷಕ್ಕೆ 3,000 ಸುತ್ತಿನಲ್ಲಿಯೇ ಎಳೆತ ತನ್ನ ತುದಿಯನ್ನು ಮುಟ್ಟುತ್ತಿದ್ದಿತು. ಸಾವಕಾಶವಾಗಿ ಹೋಗುವವನಿಗೆ ಅದು ಸಾಧು ಸಂಸಾರಿಯ ಕಾರು. ಕಾಲೊತ್ತಿದವನಿಗೆ ಬೇರೆಯೇ ಕಾರು.

ಅಮೆರಿಕದಲ್ಲಿ ದೊಡ್ಡ ಕಾರುಗಳ ನಡುವೆ ಈ ಪುಟ್ಟ ಪರದೇಶಿಗೆ ಒಂದು ಸ್ಥಾನ ದೊರೆಯಿತು. 1979ರಲ್ಲಿ ಸ್ಟಿಗ್ ಬ್ಲೂಮ್‌ಕ್ವಿಸ್ಟ್ ಹಿಮದ ಹಾದಿಯ ಸ್ವೀಡಿಷ್ ರ‍್ಯಾಲಿಯನ್ನು 99 ಟರ್ಬೊದಲ್ಲಿ ಗೆದ್ದನು. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ಪಿನಲ್ಲಿ ಟರ್ಬೊ ಕಾರಿಗೆ ಅದೇ ಮೊದಲ ಜಯ. ಆ ಮಾದರಿ ಹತ್ತು ಸಾವಿರಕ್ಕಿಂತ ತುಸು ಹೆಚ್ಚು ಮಾತ್ರ ತಯಾರಾಯಿತು. ಆದರೆ ಕಾರ್ಖಾನೆಯ ಬಾಗಿಲು ಮುಚ್ಚುವ ಮಾತು ಆಗ ನಿಂತಿತು.

ಎಂಜಿನಿಗೊಂದು ಕಿವಿ

ಗಿಲ್ಬ್ರಾಂಡನ ಮನಸ್ಸಿಗೆ ಇನ್ನೂ ಸಮಾಧಾನವಿರಲಿಲ್ಲ. ಪೆಟ್ರೋಲಿನ ಗುಣ ಎಲ್ಲೆಡೆಯೂ ಒಂದೇ ಅಲ್ಲ. ಒಳ್ಳೆಯ ಪೆಟ್ರೋಲು ಹೆಚ್ಚು ಒತ್ತಡ ತಾಳುತ್ತದೆ. ಕಳಪೆಯದು ಬೇಗ ಬಡಿಯುತ್ತದೆ. ಸ್ಪ್ರಿಂಗಿಗೆ ಇದೆಲ್ಲ ತಿಳಿಯದು. ಕಳಪೆ ಪೆಟ್ರೋಲಿಗೆಂದು ಮಿತಿಯನ್ನು ಇಳಿಸಿದರೆ ಒಳ್ಳೆಯ ಪೆಟ್ರೋಲು ಹಾಕಿಸಿದವನಿಗೆ ನಷ್ಟ.

ಆಗ ಅವರು ಎಂಜಿನಿನ ಮೈಗೆ ಒಂದು ಪುಟ್ಟ ಸಾಧನವನ್ನು ಬಿಗಿದರು. ವೈದ್ಯರು ಎದೆಗೆ ಸ್ಟೆತಾಸ್ಕೋಪು ಇಟ್ಟಂತೆ ಅದು ಬಡಿತವನ್ನು ಆಲಿಸುತ್ತದೆ. ಬಡಿತದ ಮೊದಲ ಸುಳಿವು ಸಿಕ್ಕೊಡನೆ ಒಂದು ವಿದ್ಯುನ್ಮಾನ ಪೆಟ್ಟಿಗೆ ಕೋಡಿಯ ಬಾಗಿಲನ್ನು ತೆರೆಸಿ ಒತ್ತಡವನ್ನು ಇಳಿಸುತ್ತದೆ. ಸದ್ದಡಗಿದರೆ ಮೆಲ್ಲನೆ ಮತ್ತೆ ಏರಿಸುತ್ತದೆ. 1980ರ ದಶಕದ ಆರಂಭದಲ್ಲಿ ‘ಎ.ಪಿ.ಸಿ.’ ಎಂಬ ಹೆಸರಿನಿಂದ ಇದು ಸಾಬ್ 900 ಕಾರಿಗೆ ಬಂದಿತು. ಎಂಜಿನು ತನ್ನ ನೋವನ್ನು ತಾನೇ ಕೇಳಿಸಿಕೊಂಡು ತಾನೇ ತಗ್ಗುವುದನ್ನು ಕಲಿಯಿತು. ಈ ಕಿವಿ ಬಂದ ಮೇಲೆ, ಮೊದಲು ಇಳಿಸಿದ್ದ ಸಿಲಿಂಡರಿನ ಒತ್ತುವಿಕೆಯನ್ನು ಮತ್ತೆ ಏರಿಸುವುದಕ್ಕೂ ಅವರಿಗೆ ಧೈರ್ಯ ಬಂದಿತು. ಪೆಟ್ರೋಲಿನ ಖರ್ಚೂ ಇಳಿಯಿತು.

ಮನೆಯ ಷೆಡ್ಡಿನ ಸಾಹಸಿಗಳು

ಕಾರ್ಖಾನೆಯವರು ವರ್ಷಗಟ್ಟಲೆ ಮಾಡಿದ್ದನ್ನು ಒಂದು ಬೇಸಗೆಯ ರಜೆಯಲ್ಲಿ ಮಾಡಿ ಮುಗಿಸುವ ಹುಮ್ಮಸ್ಸು ಯುವಕರಿಗೆ ಬಾರದಿದ್ದೀತೇ? ಅಮೆರಿಕದಲ್ಲಿ, ವಿಶೇಷವಾಗಿ 1990ರ ದಶಕದಲ್ಲಿ, ಜಪಾನಿನಿಂದ ಬಂದ ಹೋಂಡಾ ಸಿವಿಕ್ ಮುಂತಾದ ಹಗುರ ಕಾರುಗಳನ್ನು ಕೊಂಡು, ಮನೆಯ ಷೆಡ್ಡಿನಲ್ಲಿಯೇ ಟರ್ಬೊ ಜೋಡಿಸುವುದು ಒಂದು ದೊಡ್ಡ ಹವ್ಯಾಸವಾಯಿತು.

ಬಲ್ಲವರು ಅದನ್ನು ಮಾಡುವ ಕ್ರಮವನ್ನು ನೋಡಿದರೆ, ಟರ್ಬೊ ಕೊನೆಗೆ ಬರುತ್ತದೆ. ಮೊದಲು ಎಂಜಿನನ್ನು ಪೂರ್ತಿ ಬಿಚ್ಚುತ್ತಾರೆ. ಎರಕದ ಪಿಸ್ಟನ್‌ಗಳ ಬದಲು ಬಡಿದು ರೂಪಿಸಿದ ಗಟ್ಟಿ ಪಿಸ್ಟನ್‌ಗಳನ್ನೂ ಕನೆಕ್ಟಿಂಗ್ ರಾಡುಗಳನ್ನೂ ಹಾಕುತ್ತಾರೆ. ಸಿಲಿಂಡರಿನ ತಲೆ ಎದ್ದು ಹೋಗದಂತೆ ಬಲವಾದ ಬೋಲ್ಟು, ಲೋಹದ ಗ್ಯಾಸ್ಕೆಟ್ಟು. ಎಣ್ಣೆಯ ತೊಟ್ಟಿಗೆ ತೂತು ಕೊರೆದು ಟರ್ಬೊವಿನ ಎಣ್ಣೆ ಹಿಂದಿರುಗಲು ದಾರಿ. ಒತ್ತಿದ ಗಾಳಿ ತಣಿಯಲೆಂದು ಮುಂಭಾಗದಲ್ಲಿ ‘ಇಂಟರ್‌ಕೂಲರು’ ಎಂಬ ಇನ್ನೊಂದು ರೇಡಿಯೇಟರು. ತಣ್ಣಗಿನ ಗಾಳಿ ಸಾಂದ್ರ, ಬಡಿತವೂ ಕಡಮೆ. ಆಮೇಲೆ ದೊಡ್ಡ ಇಂಜೆಕ್ಟರುಗಳು, ಬಲವಾದ ಪೆಟ್ರೋಲು ಪಂಪು, ಬಿಗಿಯಾದ ಕ್ಲಚ್ಚು, ಉತ್ತಮವಾದ ಬ್ರೇಕು. ಎಲ್ಲಕ್ಕಿಂತ ಕೊನೆಗೆ, ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು, ಯಾವ ಗಳಿಗೆಯಲ್ಲಿ ಕಿಡಿ ಎಂದು ಎಂಜಿನಿನ ಕಂಪ್ಯೂಟರಿಗೆ ಹೊಸದಾಗಿ ಹೇಳಿಕೊಡುವ ತಾಳ್ಮೆಯ ಕೆಲಸ.

ಕೆಡುವುದು ಇಲ್ಲಿಯೇ. ಅವಸರದವನು ಟರ್ಬೊವನ್ನು ಮೊದಲು ಕೂರಿಸಿ ಉಳಿದದ್ದನ್ನು ಮುಂದಿನ ತಿಂಗಳ ಸಂಬಳಕ್ಕೆ ಬಿಡುತ್ತಾನೆ. ಗಾಳಿ ಹೆಚ್ಚಾಯಿತು, ಅದಕ್ಕೆ ತಕ್ಕ ಪೆಟ್ರೋಲು ಬರಲಿಲ್ಲ. ಹಾಗೆ ಉರಿದ ಬೆಂಕಿ ವಿಪರೀತ ಬಿಸಿ. ಬಡಿತ ಕಿವಿಗೆ ಬೀಳುವಷ್ಟರಲ್ಲಿ ಪಿಸ್ಟನ್ನಿನ ತಲೆಯಲ್ಲಿ ತೂತು! ಒಂದು ಸಂಜೆಯ ಸಂತೋಷಕ್ಕೆ ಇಡೀ ಎಂಜಿನಿನ ಬೆಲೆ ತೆರಬೇಕಾಗುತ್ತದೆ.

ನಮ್ಮ ತರುಣರಿಗೂ ಈ ಆಸೆ ಇಲ್ಲದಿಲ್ಲ. ಅವರು ತಿಳಿದಿರಬೇಕಾದ ಸಂಗತಿಯೊಂದುಂಟು. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ.

ನಮ್ಮ ಮನೆಯ ಮುಂದೆ

ಆದರೆ ಟರ್ಬೊ ಬೇಕೆಂದು ಷೆಡ್ಡಿನಲ್ಲಿ ಕೈ ಮಸಿ ಮಾಡಿಕೊಳ್ಳಬೇಕಾಗಿಯೂ ಇಲ್ಲ. ಅದು ನಮಗೆ ತಿಳಿಯದಂತೆ ನಮ್ಮ ಬೀದಿಗೇ ಬಂದಿದೆ. 2017ರಲ್ಲಿ ಬಂದ ಟಾಟಾ ನೆಕ್ಸಾನ್, 2019ರಲ್ಲಿ ಬಂದ ಹ್ಯುಂಡೈ ವೆನ್ಯೂ ಮುಂತಾದ ಕಾರುಗಳಲ್ಲಿ ಕಾರ್ಖಾನೆಯವರೇ ಪೆಟ್ರೋಲು ಎಂಜಿನಿಗೆ ಟರ್ಬೊ ಜೋಡಿಸಿ ಕೊಟ್ಟರು. ವೆನ್ಯೂವಿನ ಟರ್ಬೊ ಎಂಜಿನು ಒಂದು ಲೀಟರಿಗಿಂತಲೂ ತುಸು ಚಿಕ್ಕದು, ಮೂರೇ ಸಿಲಿಂಡರು. ಅದರ ಬಲ 120 ಅಶ್ವಶಕ್ತಿ. ಟರ್ಬೊ ಇಲ್ಲದ ಹಳೆಯ ಸಾಬ್ ಎಂಜಿನಿನ ಅರ್ಧ ಗಾತ್ರದಿಂದ ಅದಕ್ಕೆ ಸರಿಗಟ್ಟುವ ಬಲ! ಇಂಥ ಎಂಜಿನುಗಳ ಒಳಗೂ ಕೋಡಿಯುಂಟು, ಬಡಿತವನ್ನು ಆಲಿಸುವ ಕಿವಿಯುಂಟು.

ಇಂಥ ಕಾರನ್ನು ಇಟ್ಟುಕೊಂಡವರಿಗೆ ಎರಡೇ ಮಾತು. ಎಣ್ಣೆಯನ್ನು ಕೈಪಿಡಿಯಲ್ಲಿ ಹೇಳಿದ ಕಾಲಕ್ಕೆ, ಹೇಳಿದ ಗುಣದ್ದನ್ನೇ ಬದಲಾಯಿಸಿ. ಟರ್ಬೊವಿನ ಪ್ರಾಣವೆಲ್ಲ ಆ ತೆಳು ಪೊರೆಯಲ್ಲಿದೆ. ಚಾರ್ಮಾಡಿ ಘಟ್ಟವನ್ನು ಒಂದೇ ಉಸಿರಿಗೆ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ಕಾರು ನಿಲ್ಲಿಸಿದಾಗ, ತಕ್ಷಣವೇ ಕೀಲಿಕೈ ತಿರುಗಿಸಬೇಡಿ. ಎಂಜಿನು ಅರ್ಧ ನಿಮಿಷ, ಒಂದು ನಿಮಿಷ ಮೆಲ್ಲನೆ ತಿರುಗುತ್ತಿರಲಿ. ಕಾದ ಚಕ್ರದ ಬಳಿ ಎಣ್ಣೆಯ ಹರಿವು ಥಟ್ಟನೆ ನಿಂತರೆ ಅಲ್ಲಿಯೇ ಬೆಂದು ಕರಕಾಗುತ್ತದೆ. ಮಕ್ಕಳು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಇಳಿಯುವಷ್ಟು ಹೊತ್ತು ಸಾಕು.

ಸಾಬ್ ಕಂಪೆನಿ ಏನಾಯಿತೆಂದು ಕೇಳುವಿರಾ? ಟರ್ಬೊ ಅದಕ್ಕೆ ಮೂವತ್ತು ವರ್ಷಕ್ಕೂ ಮಿಗಿಲಾದ ಆಯುಸ್ಸನ್ನು ಕೊಟ್ಟಿತು. ಆಮೇಲೆ ಕಾರುಗಳ ವಿಭಾಗ ಕೈಯಿಂದ ಕೈಗೆ ಬದಲಾಗಿ, ಸಾಲದಲ್ಲಿ ಮುಳುಗಿ, 2011ರ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಕಾರ್ಖಾನೆಗೆ ಕೋಡಿ ಕಟ್ಟುವವರು ಸಿಗಲಿಲ್ಲವೆನ್ನೋಣ. ಆದರೆ ಅವರು ಸಂಸಾರಸ್ಥರ ಕಾರಿಗೆಂದು ಹದ ಮಾಡಿದ ಒಲೆ ಆರಿಲ್ಲ. ಬೀದಿಪಾಲಾಗುತ್ತಿದ್ದ ಹೊಗೆಯನ್ನು ಹಿಡಿದು, ಬೇಕಾದಾಗ ಊದಿ, ಸಾಕಾದಾಗ ಪಕ್ಕದ ಬಾಗಿಲಿನಿಂದ ಕಳುಹಿಸಿಕೊಡುತ್ತ, ಅದು ಲೋಕದ ಅಸಂಖ್ಯಾತ ಪುಟ್ಟ ಕಾರುಗಳಲ್ಲಿ ಉರಿಯುತ್ತಲೇ ಇದೆ.